ಬೇಲಿಯೊಳಗಿನ ಮೂರು ಸಾಲು

ವೆರ್ಣಾ ಗುಡ್ಡದ ಮ್ಯಾಲ, ಮೂರನೇ ಶೆಡ್ಡಿನಾಗ
ಹನ್ನೊಂದು ವರ್ಷದಿಂದ ಹಾಳಿ ಮಡಚತೇನಿ.
ಮಿಷನ್ನೂ ಮಡಚತೈತಿ, ಖರೆ; ಅದು ಮುನಿಸಿಕೊಂಡ ದಿನ
ನಮ್ಮ ಕೈ. ಆರು ಮಡಿಕಿ, ಎರಡು ಗುಳಿಗಿ ಪಟ್ಟಿ, ಒಂದು ಡಬ್ಬಿ.
ಹಾಳಿ ಇಲ್ಲದ ಡಬ್ಬಿ ತಕ್ಕಡಿ ದಾಟೂದಿಲ್ಲ.
ಅಷ್ಟು ತೆಳು ಕಾಗದದ ತೂಕಾನೂ ತಕ್ಕಡಿಗೆ ಗೊತ್ತು,
ಓದಾಕ ಬರದಿದ್ರೂ.

ನನಗೂ ಬರತಿರಲಿಲ್ಲ.
ಮುದ್ದೇಬಿಹಾಳದಾಗ ಐದನೇತ್ತೆ ತನಕ ಕಲತ ಕನ್ನಡ ನಂದು.
ಇದು ನೋಡಾಕ ಇಂಗ್ಲಿಷಿನಂಗ,
ಆದ್ರ ಅಕ್ಷರದ ತಲಿ ಮ್ಯಾಲ ಹಾವಿನಮರಿಯಂಥಾ ಗೆರಿ.
ಸೂಪರ್‌ವೈಸರ್ ಶಾಬಾ ನಾಯ್ಕ ಅಂದ:
“ಪೋರ್ತುಗೀಸು. ಹಡಗಿನಾಗ ಅಂಗೋಲಾಕ್ಕ ಹೋಗತೈತಿ.
ನಿನಗ್ಯಾಕ?”

ಹೌದು, ನನಗ್ಯಾಕ. ಕಣ್ಣು ಸುಮ್ಮನ ಕೂಡೂದಿಲ್ಲ ಅಷ್ಟಽ.
ಒಂದರಿಂದ ಆರರ ತನಕ ದಪ್ಪನ್ನ ಅಂಕಿ.
ಒಂದರ ಕೆಳಗ ನಾಕು ಸಾಲು. ಎರಡರ ಕೆಳಗ ಊರಷ್ಟು.
ನಾಕರ ಕೆಳಗ ಚುಕ್ಕಿ ಹಚ್ಚಿ ಹಚ್ಚಿ ಇಳಿಸಿದ ಪಟ್ಟಿ,
ಕಿರಾಣಿ ಚೀಟಿ ಹಂಗ, ಏನೋ ತರಾಕ ಹೇಳಿದಂಗ.
ಎರಡರ ಮಗ್ಗಲಿಗೆ ಒಂದು ಚೌಕಟ್ಟು, ಒಳಗ ಮೂರಽ ಸಾಲು:
ಬೇಲಿ ಹಾಕ್ಯಾರಂದ್ರ ಒಳಗ ನಾಯಿ ಐತಿ, ಅಂದಕೊಂಡೆ.
ಬ್ಯಾರೆ ಗುಳಿಗಿ ಬಂತು, ಬ್ಯಾರೆ ಬಣ್ಣದ ಡಬ್ಬಿ ಬಂತು,
ಹಾಳ್ಯಾಗ ಅದಽ ಆರು ಅಂಕಿ, ಅದಽ ಸರತಿ.
ಮನಿ ಎಷ್ಟಽ ಇರಲಿ, ಗೌಂಡಿ ಒಬ್ಬನಽ.

ನನ್ನ ಖೋಲಿ ಎಸ್ಲಿಂಡಾ ಬಾಯಿ ಮನಿ ಹಿಂದ.
ಎಂಬತ್ತನಾಕು ಆಕೀಗೆ. ಪೋರ್ತುಗೀಸರ ಕಾಲದಾಗ ಸಾಲಿ ಕಲತಾಕಿ.
ಹರಿದ ಹಾಳೀಗೂ ಲೆಕ್ಕ ಐತಿ ನಮ್ಮ ಶೆಡ್ಡಿನಾಗ;
ಅಂಥಾದೊಂದು ಕುಪ್ಪಸದಾಗ ಇಟಗೊಂಡು ಬಂದೆ.
ಕದ್ದದ್ದಽ ಅನ್ರಿ.

ಬಾಯಿ ಚಾಳೀಸಿನ ಮ್ಯಾಲ ಭೂತಗನ್ನಡಿ ಹಿಡದು
ಮೊದಲ ಓದಲೇ ಇಲ್ಲ. ತಿರುವಿದಳು, ಬುಡಕ್ಕ ಹ್ವಾದಳು,
ತಾರೀಖು ನೋಡಿದಳು.
“ಕಾಗದದ ವಯಸ್ಸು ಕೇಳದ ಅದರ ಮಾತು ಕೇಳಬಾರದು,”
ಅಂದಳು, ಕೊಂಕಣ್ಯಾಗ.
ಆಮ್ಯಾಲೆ ತಲಿಬರಹ, ಬರೇ ತಲಿಬರಹ:
ಇದು ಏನು. ತಗೊಳ್ಳೂ ಮೊದಲ. ತಗೊಳ್ಳೂದು ಹೆಂಗ.
ಏನೇನು ಆದೀತು. ಎಲ್ಲಿ ಇಡೂದು. ಒಳಗ ಏನೈತಿ.
ಬಸ್ಸು ಹತ್ತದನಽ ಬೋರ್ಡು ಓದಿದಂಗ.

ನನ್ನ ಕಿರಾಣಿ ಚೀಟಿ! ತರೂದಲ್ಲ ಅದು, ಬರೂದು:
ವಾಂತಿ, ತಲಿಸುತ್ತು, ಮೈಕೆರತ,
ಹತ್ತರಾಗ ಒಬ್ಬರಿಗೆ, ನೂರರಾಗ ಒಬ್ಬರಿಗೆ,
ಎಲ್ಲಾದಕ್ಕೂ ಕೆಳಗ, ಹತ್ತು ಸಾವಿರದಾಗ ಒಬ್ಬರಿಗೆ,
ಆ ರೋಗಕ್ಕ ಬಾಯಿ ಕೊಂಕಣಿ ಹುಡುಕಿದಳು. ಸಿಗಲಿಲ್ಲ.
ಹತ್ತು ಸಾವಿರ ಡಬ್ಬಿ ಅಂದ್ರ ನಮ್ಮದೊಂದು ಪಾಳಿ.
“ಯಾರಂತ ಆ ಒಬ್ಬರು?”
“ಇಂಥಾದರಾಗ ಹೆಸರು ಹಾಕೂದಿಲ್ಲ.
‘ಕಂಡುಬಂದಿದೆ’ ಅಂತ ಬರೀತಾರ.
ಕಂಡವರೂ ಇರೂದಿಲ್ಲ, ಬಿದ್ದವರೂ ಇರೂದಿಲ್ಲ.”

ಕಡೀಕ ಬೇಲಿ. ಬಾಯಿ ಎರಡು ಸಲ ಓದಿದಳು.
ನಾಯಿ ಇತ್ತು:
ಬಸುರಿ ಹೆಂಗಸು ಈ ಗುಳಿಗಿ ನುಂಗಬಾರದು.
ಒಡದ ಗುಳಿಗಿ ಮುಟ್ಟಲೂಬಾರದು.

ಒಡದ ಗುಳಿಗಿ ಆರಸಾಕಿ ನಮ್ಮಲ್ಲಿ ನೀಲವ್ವ.
ಐದು ತಿಂಗಳು.
ಆ ರಾತ್ರಿ ನಿದ್ದಿ ಹತ್ತಲಿಲ್ಲ. ಅಂಗೋಲಾಕ್ಕ ಹೋಗೂ ಮಾತು
ನಮ್ಮ ಕೈಯಾಗ ಹಾದು ಹೋಗತಿತ್ತು,
ನಮಗ ಹೇಳಲಾರದ.

ಮರುದಿನ ಆಕೀ ಜಾಗಾದಾಗ ನಾ ಹೋಗಿ ನಿಂತೆ.
“ಯಾರು ಹೇಳಿದರು ನಿನಗ?” ಅಂದ ಶಾಬಾ.
“ಎರಡನೇದರ ಮಗ್ಗಲಿಗೆ ಬೇಲಿ ಐತಿ, ನೋಡು.”
ಅವ ಹಾಳಿ ಬಿಚ್ಚಿದ. ದಿನಾ ಎಣಸೂ ಹಾಳಿ.
ಭಾಳ ಹೊತ್ತು ನೋಡಿದ, ಅಕ್ಷರದ ಮ್ಯಾಲಿನ ಹಾವಿನಮರಿ.
ಹೆಂಗ ತಿಳೀತು ಅಂತ ಮತ್ತ ಕೇಳಲಿಲ್ಲ.
ನೀಲವ್ವನ್ನ ಲೇಬಲ್ ಕಡೆ ಕಳಿಸಿದ.

ಮಿಷನ್ ಮುನಿಸಿಕೊಂಡ ದಿನ ಈಗ ನಾ
ಚೌಕಟ್ಟು ಹೊರಮೈಗೆ ಬರೂ ಹಂಗ ಮಡಚತೇನಿ,
ಡಬ್ಬಿ ತೆಗದವರಿಗೆ ಮೊದಲ ಅದಽ ಕಾಣಲಿ.
ಮಡಿಕಿ ಆರಽ. ತೂಕ ಅಷ್ಟಽ.
ತಕ್ಕಡಿಗೆ ಇನ್ನೂ ಗೊತ್ತಾಗಿಲ್ಲ.